ಲಾರಿ ನೀರು ಕುಡಿಯುತ್ತಿದ್ದರೆ ಎಲ್ಲಿ ನೋಡಬೇಕು?

ಶಿರಾಡಿ ಘಾಟಿ ಹತ್ತಿ ಬಂದ ಲಾರಿ ಸಕಲೇಶಪುರದ ನನ್ನ ಶೆಡ್ಡಿನ ಮುಂದೆ ನಿಂತರೆ ಡ್ರೈವರ್ ಹೇಳುವುದು ಒಂದೇ ಮಾತು: “ಅಣ್ಣಾ, ದಿನಾ ಎರಡು ಲೀಟರ್ ನೀರು ಕುಡೀತಿದೆ.” ಇಂಜಿನ್ ತಣ್ಣಗಿಡುವ ರೇಡಿಯೇಟರ್ ನೀರು ಸುಮ್ನೆ ಮಾಯವಾಗುವುದಿಲ್ಲ, ಅಲ್ವಾ?

ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ನನ್ನ ಎಡಗೈ ಮೇಲಿನ ಕಲೆ ಅದರದ್ದೇ. ಪೂರ್ತಿ ತಣ್ಣಗಾದ ಮೇಲೆ ತುಂಬಿಸಿ, ಪ್ರೆಶರ್ ಟೆಸ್ಟರ್ (ಒತ್ತಡ ತೋರಿಸುವ ಮೀಟರ್ ಇರುವ ಕೈಪಂಪ್) ಹಾಕಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ. 10 ನಿಮಿಷ ಬಿಡಿ. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಹುಡುಕಿ. ಹೋಸ್ ಕ್ಲಿಪ್ ಬಳಿ ಒಣಗಿದ ಬಿಳಿ ಅಥವಾ ಹಸಿರು ಕಲೆ ಇದ್ದರೆ ಕಳ್ಳ ಅಲ್ಲೇ. ಹೋಸ್ ತುದಿ ಬಿರುಕು ಬಿಟ್ಟಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಹೊಸದು ಹಾಕಿ.

ವಾಟರ್ ಪಂಪಿನ ಅಡಿಯಲ್ಲಿ ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಒಬ್ಬರು ಆ ತೂತಿಗೇ ಎಂ-ಸೀಲ್ ಮೆತ್ತಿಕೊಂಡು ಬಂದಿದ್ದರು! ನೀರು ಬೇರಿಂಗಿಗೆ ನುಗ್ಗಿ ಪಂಪೇ ಜಾಮ್ ಆಗಿತ್ತು. ಪಂಪ್ ಬದಲಿಸುವಾಗ ಹಳೇ ಗ್ಯಾಸ್ಕೆಟ್ (ಜೋಡಣೆಯಲ್ಲಿ ಸೋರದಂತೆ ನಡುವೆ ಕೂರಿಸುವ ಹಾಳೆ) ಚೂರು ಒಂದೂ ಉಳಿಯದಂತೆ ಕೆರೆದು ತೆಗೆಯಿರಿ.

ಹೊರಗೆ ಎಲ್ಲೂ ಒದ್ದೆ ಇಲ್ಲವೇ? ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಆಯಿಲ್‌ಗೆ ಸೇರಿದೆ, ಸ್ಟಾರ್ಟ್ ಮಾಡಲೇಬೇಡಿ. ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ಲೈನರ್ ಓ-ರಿಂಗ್ (ಸಿಲಿಂಡರ್ ತೋಳಿನ ಸುತ್ತ ಇರುವ ರಬ್ಬರ್ ಬಳೆ), ಇವುಗಳಲ್ಲಿ ಒಂದು ಹೋಗಿರಬಹುದು. ಬಿಚ್ಚಲೇಬೇಕು, ಖರ್ಚು ಜಾಸ್ತಿ. ಆಯಿಲ್ ಚೆನ್ನಾಗಿದ್ದು, ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಜಿಆರ್ ಕೂಲರನ್ನೂ (ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಬಿಚ್ಚಿ ನೋಡಿ.

ಕೆಲಸ ಮುಗಿದ ಮೇಲೆ ಬೋರ್‌ವೆಲ್ ನೀರು ಸುರಿಯಬೇಡಿ, ಒಳಗೆ ಪಾಚಿಗಟ್ಟಿದ ಹಾಗೆ ಸುಣ್ಣ ಕಟ್ಟುತ್ತದೆ. ನೀರು ಬೆರೆಸದ ಗಟ್ಟಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಆಗಿದ್ದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಿ, ಮತ್ತೊಮ್ಮೆ ಟೆಸ್ಟರ್ ಹಾಕಿ.