ಕಿವಿಯ ಬುಡದ ಗಂಟಿಗೆ ಸೂಜಿ ಪರೀಕ್ಷೆ: ಮಾಡುವುದು ಹೇಗೆ, ವರದಿ ಓದುವುದು ಹೇಗೆ

ಕಿವಿಯ ಮುಂದೆ, ಕಿವಿಹಾಲೆಯ ಬುಡದಲ್ಲಿ ಅಥವಾ ದವಡೆಯ ಅಡಿಯಲ್ಲಿ ನೋವಿಲ್ಲದ ಗಂಟೊಂದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತಿದ್ದರೆ ಅದು ಜೊಲ್ಲುಗ್ರಂಥಿಯ ಗೆಡ್ಡೆಯಾಗಿರಬಹುದು. ಇಂಥ ಗೆಡ್ಡೆಗಳಲ್ಲಿ ಶೇ 80ರ ಸುಮಾರು ಕಿವಿಯ ಬುಡದ ಪರೋಟಿಡ್ ಗ್ರಂಥಿಯಲ್ಲಿ ಹುಟ್ಟುತ್ತವೆ, ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ದವಡೆಯಡಿಯ, ನಾಲಿಗೆಯಡಿಯ ಮತ್ತು ಅಂಗುಳಿನ ಸಣ್ಣ ಗ್ರಂಥಿಗಳಲ್ಲಿ ಮಾತ್ರ ಕ್ಯಾನ್ಸರ್‌ನ ಸಂಭವ ಹೆಚ್ಚು.

ಗಂಟಿನಿಂದ ಒಂದು ಚೂರು ಕತ್ತರಿಸಿ ನೋಡಬಾರದೇಕೆ ಎಂದು ಹಲವರು ಕೇಳುತ್ತಾರೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಪರೋಟಿಡ್ ಗ್ರಂಥಿಯ ಒಳಗೇ ಕವಲೊಡೆದು ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುತ್ತದೆ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಅಲ್ಲದೆ, ಇಲ್ಲಿ ಅತಿ ಸಾಮಾನ್ಯವಾದ ಪ್ಲಿಯೊಮಾರ್ಫಿಕ್ ಅಡಿನೋಮ ಎಂಬ ನಿರಪಾಯದ ಗೆಡ್ಡೆಯ ಕವಚ ಒಡೆದು ಕಣಗಳು ಗಾಯದೊಳಗೆ ಚೆಲ್ಲಿದರೆ, ವರ್ಷಗಳ ಬಳಿಕ ಅದು ಹಲವು ಗಂಟುಗಳಾಗಿ ಮರಳಬಹುದು. ಆದ್ದರಿಂದ ಮೊದಲು ಮಾಡುವುದು ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೀರಿ ತೆಗೆದು ನೋಡುವ ಪರೀಕ್ಷೆ. ಇಷ್ಟು ಸಣ್ಣ ಸೂಜಿಯಿಂದ ಕ್ಯಾನ್ಸರ್ ಹರಡುವುದು ಅತಿ ಅಪರೂಪ. ಆ ಭಯದಿಂದ ಪರೀಕ್ಷೆ ಮುಂದೂಡಿ ತಿಂಗಳುಗಳನ್ನು ಕಳೆಯುವುದೇ ನಿಜವಾದ ಅಪಾಯ.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಗಂಟನ್ನು ಎರಡು ಬೆರಳುಗಳ ನಡುವೆ ಅಲುಗಾಡದಂತೆ ಹಿಡಿದು, 23ರಿಂದ 25 ಗೇಜಿನ ಸೂಜಿಯನ್ನು ಒಳಗೆ ತೂರಿಸಿ ಹಿಂದೆ ಮುಂದೆ ಆಡಿಸುತ್ತಾರೆ. ಕೈಗೆ ಸಿಗದ ಆಳದ ಗಂಟಾದರೆ ಅಲ್ಟ್ರಾಸೌಂಡ್ ನೆರವು ಬೇಕು. ಸೂಜಿ ಹೊರಗೆಳೆಯುವ ಮುನ್ನ ಸಿರಿಂಜಿನ ಹೀರುವಿಕೆಯನ್ನು ಬಿಟ್ಟುಬಿಡಬೇಕು, ಇಲ್ಲವಾದರೆ ಸಿಕ್ಕ ಜೀವಕೋಶಗಳೆಲ್ಲ ಸಿರಿಂಜಿನೊಳಗೆ ಸೇರಿಹೋಗುತ್ತವೆ. ಗಂಟಿನಿಂದ ನೀರು ಬಂದರೆ ಅದನ್ನು ಬರಿದು ಮಾಡಿ, ಉಳಿದ ಗಟ್ಟಿ ಭಾಗಕ್ಕೆ ಮತ್ತೆ ಚುಚ್ಚಬೇಕು. ಈ ಎರಡನೆಯ ಚುಚ್ಚುವಿಕೆಯನ್ನು ಬಿಟ್ಟರೆ ನೀರು ತುಂಬಿದ ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರ್ ಕಣ್ತಪ್ಪಿ ಹೋಗುವ ಸಾಧ್ಯತೆಯಿದೆ.

ಬಂದದ್ದನ್ನು ಸ್ಲೈಡುಗಳ ಮೇಲೆ ತೆಳುವಾಗಿ ಹರಡಿ, ಕೆಲವನ್ನು ಗಾಳಿಯಲ್ಲಿ ಒಣಗಿಸಿ ಜೀಮ್ಸಾ ಬಣ್ಣ ಹಾಕುತ್ತಾರೆ, ಉಳಿದವನ್ನು ತಕ್ಷಣವೇ ಶೇ 95ರ ಆಲ್ಕೊಹಾಲಿನಲ್ಲಿ ಮುಳುಗಿಸಿ ಪ್ಯಾಪ್ ಬಣ್ಣ ಹಾಕುತ್ತಾರೆ. ಜೊಲ್ಲುಗ್ರಂಥಿಯ ಮಟ್ಟಿಗೆ ಎರಡೂ ಅಗತ್ಯ, ಏಕೆಂದರೆ ಇಲ್ಲಿ ಜೀವಕೋಶಗಳಷ್ಟೇ ಮುಖ್ಯವಾದದ್ದು ಅವುಗಳ ನಡುವಿನ ವಸ್ತು. ಜೀಮ್ಸಾದಲ್ಲಿ ಕಡು ಕೆನ್ನೇರಳೆಯಾಗಿ ಕಾಣುವ ಆ ವಸ್ತು ಎಳೆಎಳೆಯಾಗಿದ್ದು, ಜೀವಕೋಶಗಳು ಅದರೊಳಗೆ ಹುದುಗಿದ್ದರೆ ಪ್ಲಿಯೊಮಾರ್ಫಿಕ್ ಅಡಿನೋಮ. ಅದೇ ಬಣ್ಣದ, ಅಂಚು ಸ್ಪಷ್ಟವಾದ ಗುಂಡುಗಳ ಸುತ್ತ ಕಪ್ಪನೆಯ ಸಣ್ಣ ಜೀವಕೋಶಗಳು ಮುತ್ತಿಕೊಂಡಿದ್ದರೆ ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನ ಶಂಕೆ. ನರದ ಗುಂಟ ಹಬ್ಬುವ ಈ ಕ್ಯಾನ್ಸರನ್ನು ನಿರಪಾಯದ ಗೆಡ್ಡೆಗಳಿಂದ ಬೇರ್ಪಡಿಸುವುದು ಅನುಭವಿ ಕಣ್ಣಿಗೂ ಕೆಲವೊಮ್ಮೆ ಕಷ್ಟ. ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಗೆಡ್ಡೆಯಲ್ಲಿ ಹಳೆಯ ಎಂಜಿನ್ ಆಯಿಲಿನಂಥ ದ್ರವ ಬರುತ್ತದೆ.

ವರದಿಯನ್ನು ಈಗ ಬಹಳ ಕಡೆ 2018ರಲ್ಲಿ ಪ್ರಕಟವಾದ ಮಿಲಾನ್ ಪದ್ಧತಿಯಂತೆ ಆರು ವರ್ಗಗಳಲ್ಲಿ ಬರೆಯುತ್ತಾರೆ. ರೋಗಿಯ ಮನೆಯವರು ಹೆಚ್ಚು ಎಡವುವುದು ಮೊದಲನೆಯದರಲ್ಲಿ. 'ನಾನ್ ಡಯಾಗ್ನೊಸ್ಟಿಕ್' ಎಂದರೆ ಕ್ಯಾನ್ಸರ್ ಇಲ್ಲವೆಂದಲ್ಲ, ನಿರ್ಧರಿಸಲು ಸಾಕಷ್ಟು ಜೀವಕೋಶಗಳು ಸಿಕ್ಕಿಲ್ಲ ಎಂದು. ಆ ಪದ್ಧತಿಯ ಮೊದಲ ಆವೃತ್ತಿಯ ಅಂದಾಜಿನಂತೆ ಇಂಥವುಗಳಲ್ಲಿ ಶೇ 25ರಷ್ಟು ಕೊನೆಗೆ ಕ್ಯಾನ್ಸರ್ ಆಗಿರುತ್ತವೆ, ಹಾಗಾಗಿ ಪರೀಕ್ಷೆಯನ್ನು ಮತ್ತೆ ಮಾಡಿಸಲೇಬೇಕು. ನಾಲ್ಕನೆಯ ವರ್ಗದಲ್ಲಿ ನಿರಪಾಯದ ಗೆಡ್ಡೆ ಮತ್ತು 'ಸಂಪ್' ಎಂಬ ಎರಡು ಭಾಗಗಳಿವೆ. ಅದೇ ಅಂದಾಜಿನಂತೆ, ಮೊದಲನೆಯ ಭಾಗದಲ್ಲಿ ಕೊನೆಗೆ ಕ್ಯಾನ್ಸರ್ ಆಗಿರುವ ಅಪಾಯ ಶೇ 5ಕ್ಕಿಂತ ಕಡಿಮೆ. ಗೆಡ್ಡೆ ಇದೆ, ಸ್ವಭಾವ ಖಚಿತವಿಲ್ಲ ಎನ್ನುವ ಸಂಪ್‌ನಲ್ಲಿ ಶೇ 35. ಆರನೆಯದು 'ಕ್ಯಾನ್ಸರ್' ಎಂಬ ವರ್ಗ; ಅಲ್ಲಿ ಆ ಅಪಾಯ ಅಂದಾಜು ಶೇ 90.

ಗೆಡ್ಡೆ ತನ್ನ ಕವಚ ದಾಟಿದೆಯೇ ಎಂಬುದನ್ನು ಸೂಜಿ ಹೇಳಲಾರದು. ಹೀಗಾಗಿ ಮುಖ ಸೊಟ್ಟಗಾಗಿದ್ದರೆ, ಗಂಟು ಏಕಾಏಕಿ ಬೆಳೆದಿದ್ದರೆ ಅಥವಾ ಅಲುಗಾಡದೆ ಅಂಟಿಕೊಂಡಿದ್ದರೆ, ವರದಿ ನಿರಪಾಯವೆಂದರೂ ಶಸ್ತ್ರಚಿಕಿತ್ಸಕರು ಸ್ಕ್ಯಾನ್ ಮಾಡಿಸಿಯೇ ಮುಂದುವರಿಯುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ವರದಿಯ ಜೊತೆಗೆ ಸ್ಲೈಡುಗಳನ್ನೂ ಕೇಳಿ ಪಡೆದುಕೊಳ್ಳಿ. ಅಲ್ಲಿನ ಪ್ಯಾಥಾಲಜಿಸ್ಟ್ ಅವನ್ನೇ ಮತ್ತೊಮ್ಮೆ ನೋಡಬಲ್ಲರು.