ಹಿತ್ತಲಿಗೆ ಬ್ಯಾಟರಿ ಯಂತ್ರ ತಂದ ಮೇಲೆ

ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ಮಳೆ ಹೊಳವಾಗಿ, ಮೊಣಕಾಲೆತ್ತರ ಬೆಳೆದಿದ್ದ ಹುಲ್ಲನ್ನು ಹೊಡೆಯಲು ನಮ್ಮ ಕೇರಿಯವರು ಹೊರಟಾಗ ಮೂರು ಮನೆಗಳ ಬ್ಯಾಟರಿ ವೀಡ್ ಕಟರ್‌ಗಳು ಚಾಲೂ ಆಗಲೇ ಇಲ್ಲ. ಮೂರನ್ನೂ ಅದೇ ಬೇಸಿಗೆಯಲ್ಲಿ ಕೊಂಡದ್ದು. ಮೇ ಕೊನೆಯವರೆಗೆ ನಾಲ್ಕಾರು ಸಲ ಬಳಸಿ, ಖಾಲಿಯಾದ ಬ್ಯಾಟರಿಯನ್ನು ಯಂತ್ರದಿಂದ ಬಿಚ್ಚದೆ ಸೌದೆ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದರು. ಅವುಗಳಲ್ಲಿ ಒಂದಕ್ಕೆ ನಮ್ಮ ಮನೆಯ ಬ್ಯಾಟರಿ ಹೊಂದುತ್ತಿತ್ತು. ಹಾಕಿದ ಕೂಡಲೇ ಮೋಟಾರ್ ಹೊಸದರಂತೆ ತಿರುಗಿತು. ಅದರ ಸ್ವಂತ ಬ್ಯಾಟರಿಗೆ ಮೀಟರ್ ಹಿಡಿದು ನೋಡಿದರೆ, 18 ವೋಲ್ಟ್ ತೋರಿಸಬೇಕಾದ ಕಡೆ ಮುಳ್ಳು 6ರ ಬಳಿ ನಿಂತಿತ್ತು. ‘ಪೂರ್ತಿ ಖಾಲಿ ಮಾಡಿಯೇ ಇಡಬೇಕು ಅಂತ ಅಂಗಡಿಯವರು ಹೇಳಿದ್ದರಲ್ಲ ತಮ್ಮಾ’ ಎಂದು ಪಕ್ಕದ ಮನೆಯ ಅಕ್ಕ ಬೇಸರಪಟ್ಟರು. ಸಾವಿರಾರು ರೂಪಾಯಿಯ ವಸ್ತು ಒಂದೇ ಮಳೆಗಾಲಕ್ಕೆ ಕೆಡಲು ಆ ಒಂದು ತಪ್ಪು ಮಾತು ಸಾಕಾಯಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ಕೊಳ್ಳುವುದು

ಯಂತ್ರಕ್ಕಿಂತ ಮೊದಲು ಬ್ಯಾಟರಿಯನ್ನು ಆರಿಸಬೇಕು. ಹುಲ್ಲು ಹೊಡೆಯಲು, ಬೇಲಿ ಸವರಲು, ಡ್ರಿಲ್ ಹಾಕಲು ಒಂದೇ ಬ್ಯಾಟರಿ ಹೊಂದುವಂತಹ ಒಂದೇ ಕಂಪನಿಯ ಸಾಲನ್ನು ಹಿಡಿಯಿರಿ. ಮೂರು ಯಂತ್ರಕ್ಕೆ ಮೂರು ಬಗೆಯ ಬ್ಯಾಟರಿ, ಮೂರು ಚಾರ್ಜರ್ ಇಟ್ಟುಕೊಳ್ಳುವುದು ದಂಡ. ಅರ್ಧ ಎಕರೆಗಿಂತ ಚಿಕ್ಕ ಹಿತ್ತಲಿಗೆ 18 ವೋಲ್ಟ್, 4 ಆಂಪಿಯರ್-ಅವರ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ ಎರಡಿದ್ದರೆ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. 18ನ್ನು 4ರಿಂದ ಗುಣಿಸಿದರೆ 72 ವ್ಯಾಟ್-ಅವರ್ ಆಗುತ್ತದೆ; ಒಂದು ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ ಅದು. ದಟ್ಟ ಹುಲ್ಲಿನಲ್ಲಿ 300 ವ್ಯಾಟ್ ಎಳೆಯುವ ಯಂತ್ರ ಅದರಲ್ಲಿ ಸುಮಾರು 14 ನಿಮಿಷ ಓಡುತ್ತದೆ. ಈ ಲೆಕ್ಕವನ್ನು ಅಂಗಡಿಯಲ್ಲಿ ನಿಂತೇ ಮಾಡಿದರೆ, ಇಡೀ ದಿನ ಓಡುತ್ತದೆಂಬ ಮಾತನ್ನು ಯಾರೂ ನಂಬುವುದಿಲ್ಲ.

ಇಲ್ಲಿ ಒಂದು ಮೋಸವನ್ನು ಹೇಳಲೇಬೇಕು. ಅಗ್ಗದ ಯಂತ್ರಗಳ ಬ್ಯಾಟರಿಯ ಮೇಲೆ 48 ವೋಲ್ಟ್, 88 ವೋಲ್ಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಂದು ಲಿಥಿಯಂ ಸೆಲ್ ತುಂಬಿದಾಗ ಕೊಡುವುದು 4.2 ವೋಲ್ಟ್. ಆ ಡಬ್ಬಿಯೊಳಗೆ ಸಾಮಾನ್ಯವಾಗಿ ಸಾಲಾಗಿ ಜೋಡಿಸಿರುವುದು ಐದು ಸೆಲ್; ಅಂದರೆ ಹೆಚ್ಚೆಂದರೆ 21 ವೋಲ್ಟ್. 18, 20, 21 ಎಂದು ಬೇರೆ ಬೇರೆ ಕಂಪನಿಗಳು ಬರೆಯುವುದೂ ಬಹುತೇಕ ಇದೇ ಐದು ಸೆಲ್ಲಿನ ಬ್ಯಾಟರಿಯನ್ನೇ. ನಿಜ ತಿಳಿಯಲು ಕಿರಾಣಿ ಅಂಗಡಿಯ ತಕ್ಕಡಿ ಸಾಕು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಒಂದು ಸೆಲ್ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. 4 ಆಂಪಿಯರ್-ಅವರ್ ಆಗಲು ಸಾಮಾನ್ಯವಾಗಿ ಅಂತಹ ಐದು ಜೋಡಿ ಬೇಕು; ಹಾಗೆ ಹತ್ತು ಸೆಲ್ ಇರುವ ಬ್ಯಾಟರಿ ಹೊರಕವಚ ಸೇರಿ 600 ಗ್ರಾಂ ದಾಟಬೇಕು. ದೊಡ್ಡ ಸೆಲ್ ಹಾಕಿದ್ದರೂ, 4 ಆಂಪಿಯರ್-ಅವರ್ ಎಂದು ಬರೆದ ಬ್ಯಾಟರಿ 400 ಗ್ರಾಂಗಿಂತ ಕಡಿಮೆ ತೂಗಿದರೆ ಆ ಬರಹವನ್ನು ನಂಬಬೇಡಿ, ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.

ಎರಡನೆಯ ಹಂತ: ಹುಲ್ಲು ಹೊಡೆಯುವುದು

ಕನ್ನಡಕ, ದಪ್ಪ ಪ್ಯಾಂಟು, ಬೂಟು ಇಲ್ಲದೆ ಗುಂಡಿ ಒತ್ತಬೇಡಿ. ಮಕ್ಕಳು ಮತ್ತು ದನಕರುಗಳು 15 ಮೀಟರ್ ಆಚೆ ಇರಲಿ. ಇಬ್ಬನಿ ಆರಿದ ಮೇಲೆ, ಅಂದರೆ ಬೆಳಗಿನ ಹತ್ತರ ನಂತರ ಕೆಲಸ ಹಿಡಿಯಿರಿ. ಎತ್ತರದ ಹುಲ್ಲನ್ನು ಬುಡದಿಂದ ಒಂದೇ ಸಲಕ್ಕೆ ಹೊಡೆಯಲು ಹೋದರೆ ಅದು ಹುಲ್ಲು ಕಡಿಯುವ ನೈಲಾನ್ ದಾರ ತಿರುಗುವ ತಲೆಗೆ ಸುತ್ತಿಕೊಂಡು ಮೋಟಾರ್ ಬಿಸಿಯಾಗುತ್ತದೆ. ಮೇಲಿನಿಂದ ಎರಡು ಮೂರು ಸಲಕ್ಕೆ ಇಳಿಸಿಕೊಂಡು ಬನ್ನಿ. ಸುತ್ತಿಕೊಂಡ ಹುಲ್ಲನ್ನು ಬಿಡಿಸುವ ಮೊದಲು ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡಿ. ಪೆಟ್ರೋಲ್ ಯಂತ್ರ ಚಾಲೂ ಇದ್ದರೆ ಸದ್ದೇ ಎಚ್ಚರಿಸುತ್ತದೆ. ಬ್ಯಾಟರಿ ಯಂತ್ರ ಸುಮ್ಮನೆ ಬಿದ್ದಿರುವಂತೆ ಕಂಡರೂ ಗುಂಡಿಗೆ ಬೆರಳು ತಾಗಿದರೆ ತಿರುಗುತ್ತದೆ.

ಯಂತ್ರದ ಜೊತೆ 1.6 ಮಿಲಿಮೀಟರ್ ನೈಲಾನ್ ದಾರ ಬಂದಿದ್ದರೆ ಅದನ್ನೇ ಬಳಸಿ. ಬೇಗ ತುಂಡಾಗುತ್ತದೆಂದು ಪೆಟ್ರೋಲ್ ಯಂತ್ರದ 2.4 ಮಿಲಿಮೀಟರ್ ದಾರ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಮೋಟಾರ್ ಸುಡುತ್ತದೆ. ಒಣಗಿ ಪೆಡಸಾದ ದಾರವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ನೋಡಿ. ನೈಲಾನ್ ನೀರು ಕುಡಿದು ಮೆದುವಾಗುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ.

ಗಿಡದ ಬುಡಕ್ಕೆ ಮಾತ್ರ ಯಂತ್ರವನ್ನು ಒಯ್ಯಲೇಬಾರದು. ಎರಡು ವರ್ಷದ ಕರಿಬೇವಿನ ಗಿಡವೊಂದು ಕಾರಣವಿಲ್ಲದೆ ಹಳದಿಯಾಗುತ್ತಿದೆ ಎಂದು ಒಬ್ಬರು ಕರೆದಾಗ ಹೋಗಿ ನೋಡಿದ್ದೆ. ನೆಲದಿಂದ ನಾಲ್ಕು ಬೆರಳು ಮೇಲೆ, ಕಾಂಡದ ಸುತ್ತ ಬಳೆ ತೊಡಿಸಿದಂತೆ ತೊಗಟೆ ಕಿತ್ತು ಬಿಳಿಯ ಕಟ್ಟಿಗೆ ಕಾಣುತ್ತಿತ್ತು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ; ಸುತ್ತಲೂ ಅದು ಹರಿದರೆ ಬೇರು ಉಪವಾಸ ಬಿದ್ದು ಗಿಡ ತಿಂಗಳುಗಟ್ಟಲೆ ನರಳಿ ಸಾಯುತ್ತದೆ. ಬುಡದ ಸುತ್ತ ಒಂದೂವರೆ ಅಡಿಯ ಜಾಗದಲ್ಲಿ ಕುರ್ಪಿ ಹಿಡಿದು ಕೈಯಿಂದಲೇ ಕಳೆ ತೆಗೆದು ದರಗು ಹೊದಿಸಿದರೆ ಅಲ್ಲಿ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಹನಿ ನೀರಾವರಿಯ ಪೈಪು ಹುಲ್ಲಿನಡಿ ಇದ್ದರೆ ಮೊದಲೇ ಕೋಲು ನೆಟ್ಟು ಗುರುತು ಮಾಡಿಕೊಳ್ಳಿ.

ಮೂರನೆಯ ಹಂತ: ಸವರುವುದು

ದಾಸವಾಳ, ಮಲ್ಲಿಗೆ, ಬೇಲಿಯ ಗಿಡಗಳಿಗೆ ಬ್ಯಾಟರಿ ಕತ್ತರಿ ಸಾಕು. ಖಾಲಿ ಕೈ ಕತ್ತರಿಯ ಬಾಯಿಂದ ಒಂದಡಿ ದೂರವಿರಲಿ. ಮಣಿಕಟ್ಟಿಗಿಂತ ದಪ್ಪದ ಕೊಂಬೆಗೆ ಮಿನಿ ಚೈನ್ ಸಾ ಹಿಡಿದಾಗ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕಚ್ಚು ಹಾಕಿ, ಅದರಿಂದ ಸ್ವಲ್ಪ ಹೊರಗೆ ಮೇಲಿನಿಂದ ಕತ್ತರಿಸಿ, ಕೊನೆಗೆ ಉಳಿದ ಮೋಟನ್ನು ತೆಗೆಯಿರಿ. ಹೀಗೆ ಮಾಡಿದರೆ ಕೊಂಬೆ ತೊಗಟೆಯನ್ನು ಸೀಳಿಕೊಂಡು ಬೀಳುವುದಿಲ್ಲ. ಏಣಿಯ ಮೇಲೆ ನಿಂತು ಚೈನ್ ಸಾ ಹಿಡಿಯಬೇಡಿ.

ನಾಲ್ಕನೆಯ ಹಂತ: ಸಿಂಪಡಣೆ

ಇಪ್ಪತ್ತು ಕುಂಡಗಳಿಗಿಂತ ಕಡಿಮೆ ಇರುವವರು ಬ್ಯಾಟರಿ ಸ್ಪ್ರೇಯರ್ ಕೊಳ್ಳುವುದೇ ಬೇಡ, ಎರಡು ಲೀಟರಿನ ಕೈಪಂಪು ಧಾರಾಳವಾಯಿತು. ಕೊಂಡವರು 16 ಲೀಟರ್ ಡಬ್ಬಿ ತುಂಬಿದರೆ ಬೆನ್ನ ಮೇಲೆ 16 ಕಿಲೋ ನೀರೇ ಇರುತ್ತದೆಂಬುದನ್ನು ಮರೆಯದೆ ಅರ್ಧಕ್ಕೆ ನಿಲ್ಲಿಸಬೇಕು. ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಮೊದಲು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ, ಆಮೇಲೆ ಡಬ್ಬಿಗೆ ಹಾಕಿ. ತೋಟದವರು ಶಿಲೀಂಧ್ರ ರೋಗ ತಡೆಯಲು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಹಾಕಿದ ಮಿಶ್ರಣಕ್ಕೆ ಇದೇ ಸ್ಪ್ರೇಯರ್ ಬಳಸುವುದಾದರೆ ಬಟ್ಟೆಯಲ್ಲಿ ಎರಡು ಸಲ ಸೋಸಿರಿ, ಕೆಲಸ ಮುಗಿದ ಗಳಿಗೆಯಲ್ಲೇ ಶುದ್ಧ ನೀರು ತುಂಬಿ ಪಂಪನ್ನು ಓಡಿಸಿರಿ. ಸುಣ್ಣದ ಕಣ ನಾಜಲ್‌ನಲ್ಲಿ ಒಣಗಿದರೆ ಅದನ್ನು ಬಿಡಿಸುವುದು ಕಷ್ಟ. ಕಳೆನಾಶಕ ಹಾಕಿದ ಡಬ್ಬಿಯನ್ನು ಎಷ್ಟು ತೊಳೆದರೂ ತರಕಾರಿ ಗಿಡಕ್ಕೆ ಬಳಸಬೇಡಿ.

ಐದನೆಯ ಹಂತ: ಕೆಲಸ ಮುಗಿದ ಮೇಲೆ

ಬ್ಯಾಟರಿಯ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಜಾತಿಯ ಬ್ಯಾಟರಿ ಎಂದು ಹೊರಮೈಯ ಚೀಟಿ ಓದಿ ತಿಳಿಯಿರಿ. ವೀಡ್ ಕಟರ್, ಕತ್ತರಿ, ಡ್ರಿಲ್‌ಗಳಲ್ಲಿ ಇರುವುದು ಲಿಥಿಯಂ. ಬೆನ್ನಿಗೆ ಹಾಕುವ ಎಷ್ಟೋ ಸ್ಪ್ರೇಯರ್‌ಗಳಲ್ಲಿ ಇರುವುದು 12 ವೋಲ್ಟ್, 8 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿ. ಎರಡು ಕಿಲೋಗೂ ಮೀರಿದ ಅದರ ತೂಕವೇ ಗುರುತು. ಇವೆರಡನ್ನು ಇಡುವ ಕ್ರಮ ಒಂದಕ್ಕೊಂದು ತದ್ವಿರುದ್ಧ. ಹಾಳಾಗುವ ಬ್ಯಾಟರಿಗಳಲ್ಲಿ ಹೆಚ್ಚಿನವು, ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದಲೇ ಹಾಳಾದದ್ದನ್ನು ನಾನು ಕಂಡಿದ್ದೇನೆ.

ಲಿಥಿಯಂ ಬ್ಯಾಟರಿಯನ್ನು ಬಿಸಿಲಲ್ಲಿ ದುಡಿಸಿ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಲ್ಲಿಗೆ ಕರೆಂಟ್ ತುಂಬುವುದು ಅದರ ಆಯುಷ್ಯವನ್ನು ಕಡಿಯುವ ಕೆಲಸ. ಒಳ್ಳೆಯ ಚಾರ್ಜರ್ ತಾನಾಗಿ ಕಾಯುತ್ತದೆ, ಅಗ್ಗದ ಅಡಾಪ್ಟರಿಗೆ ಆ ಅರಿವಿಲ್ಲ. ಬ್ಯಾಟರಿಯನ್ನು ನೆರಳಿನ ನೆಲದ ಮೇಲೆ ಇಟ್ಟು, ಅಂಗೈ ಒತ್ತಿದಾಗ ತಣ್ಣಗೆನಿಸುವವರೆಗೆ, ಹೆಚ್ಚು ಕಡಿಮೆ ಅರ್ಧ ಗಂಟೆ ಬಿಡಿ. ನೀರಿನಲ್ಲಿ, ಫ್ರಿಜ್ಜಿನಲ್ಲಿ ಇಟ್ಟು ತಣಿಸುವ ಸಾಹಸ ಬೇಡ. ಚಾರ್ಜ್ ಮಾಡುವುದು ಎಚ್ಚರವಿರುವ ಹೊತ್ತಿನಲ್ಲಿ, ಗಾರೆ ಅಥವಾ ಕಲ್ಲಿನ ನೆಲದ ಮೇಲೆ, ಹಾಸಿಗೆ-ಕಾಗದ-ಸೌದೆಯಿಂದ ದೂರದಲ್ಲಿ ಆಗಲಿ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ.

ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲೇ ಮಾರುಕಟ್ಟೆಗೆ ಬಂದಿದ್ದರೂ ಆ ಮಾತು ಇನ್ನೂ ಅಂಗಡಿಗಳಲ್ಲಿ ಉಳಿದಿದೆ. ಲಿಥಿಯಂಗೆ ಅರ್ಧದಲ್ಲಿ ಚಾರ್ಜ್ ಮಾಡಿದರೆ ಯಾವ ತೊಂದರೆಯೂ ಇಲ್ಲ. ಯಂತ್ರದ ವೇಗ ಕುಗ್ಗಿದ್ದು ಕಿವಿಗೆ ಗೊತ್ತಾದಾಗಲೇ ನಿಲ್ಲಿಸುವುದು ಒಳ್ಳೆಯದು. ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ಅದು ತಾನಾಗಿಯೇ ಇನ್ನೂ ಇಳಿದು, ಸೆಲ್ಲಿನೊಳಗಿನ ತಾಮ್ರದ ಹಾಳೆ ಕರಗಲಾರಂಭಿಸುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಕಂಡಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಸತ್ತ ಬ್ಯಾಟರಿಗೆ ಇನ್ನೊಂದು ಬ್ಯಾಟರಿಯ ವೈರ್ ಮುಟ್ಟಿಸಿ ಎಬ್ಬಿಸುವುದನ್ನು ಮೊಬೈಲಿನಲ್ಲಿ ನೋಡಿ ಮಾಡಲು ಹೊರಟವರಿಗೆ ನಾನು ಕೈಮುಗಿದು ಬೇಡವೆನ್ನುವುದು ಇದೇ ಕಾರಣಕ್ಕೆ.

ಮಳೆಗಾಲಕ್ಕೆ ಎತ್ತಿಡುವಾಗ ಲಿಥಿಯಂ ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಎರಡು ಅಥವಾ ಮೂರು ಉರಿಯುವಂತೆ, ಅಂದರೆ ಸುಮಾರು ಅರ್ಧದಷ್ಟು ಚಾರ್ಜ್ ಇರಲಿ; ಪೂರ್ತಿ ತುಂಬಿಸಿಟ್ಟರೂ ಅದು ಬೇಗ ಮುಪ್ಪಾಗುತ್ತದೆ. ಯಂತ್ರದಿಂದ ಕಳಚಿ, ಒಣಬಟ್ಟೆಯಿಂದ ಒರೆಸಿ, ಕರೆಂಟ್ ಹಾಯುವ ಲೋಹದ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮೊಳೆ, ಸ್ಕ್ರೂಗಳಿರುವ ಸ್ಟೀಲ್ ಡಬ್ಬಿಯಲ್ಲಿ ಮಾತ್ರ ಎಂದೂ ಇಡಬೇಡಿ. ಎರಡು ತುದಿಗಳಿಗೆ ಒಂದು ಮೊಳೆ ಅಡ್ಡ ಬಿದ್ದರೂ ಬೆಂಕಿ ಹೊತ್ತಿಕೊಳ್ಳಬಹುದು. ಡಬ್ಬಿ ಇರಬೇಕಾದುದು ತಣ್ಣನೆಯ ಒಣ ಕೋಣೆಯಲ್ಲಿ, ಬಚ್ಚಲೊಲೆಯ ಹತ್ತಿರವಲ್ಲ. ನಾನು ಜೂನ್ ಮೊದಲ ವಾರ ಇಟ್ಟು, ಗಣೇಶನ ಹಬ್ಬದ ಮುನ್ನಾದಿನ ತೆಗೆದು ದೀಪ ನೋಡುತ್ತೇನೆ. ಒಂದಕ್ಕೆ ಇಳಿದಿದ್ದರೆ ಅರ್ಧ ಗಂಟೆ ಚಾರ್ಜಿಗೆ ಹಾಕುತ್ತೇನೆ.

ಸ್ಪ್ರೇಯರಿನ ಲೆಡ್ ಆಸಿಡ್ ಬ್ಯಾಟರಿಗೆ ಇದೆಲ್ಲ ತಲೆಕೆಳಗು. ಅದನ್ನು ಪೂರ್ತಿ ತುಂಬಿಸಿಯೇ ಎತ್ತಿಡಬೇಕು, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಖಾಲಿಯಾಗಿ ಉಳಿದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಹತ್ತು ನಿಮಿಷಕ್ಕೆ ಪಂಪು ಸೊರಗುತ್ತದೆ. ಸಿಂಪಡಣೆ ಮುಗಿದ ದಿನ ರಾತ್ರಿಯೊಳಗೆ ಚಾರ್ಜ್ ಮಾಡುವ ಅಭ್ಯಾಸವಿಟ್ಟುಕೊಳ್ಳಿ.

ಆರನೆಯ ಹಂತ: ಸತ್ತ ಬ್ಯಾಟರಿ

ಉಬ್ಬಿದ, ಬಿರುಕುಬಿಟ್ಟ ಅಥವಾ ಸುಮ್ಮನಿದ್ದಾಗಲೂ ಬಿಸಿಯಾಗುವ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಜೊತೆ ಸುಡಬೇಡಿ, ತಿಪ್ಪೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಬಳಕೆದಾರರು ಅದನ್ನು ಮನೆಯ ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸಬೇಕು. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಹಳೆಯ ಮಣ್ಣಿನ ಕುಂಡದಲ್ಲಿ ಹುದುಗಿಸಿ ಜಗಲಿಯ ಹೊರಗೆ, ಮಳೆ ತಾಗದ ಕಡೆ ಇಡಿ. ಮುಂದಿನ ಸಲ ಪೇಟೆಗೆ ಹೋಗುವಾಗ ಕೊಂಡ ಅಂಗಡಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಟ್ಟು ಬನ್ನಿ.