ಚೆಂಡು ಹಿಡಿದರೆ ಕೆಟ್ಟೆ: ಸ್ಟೀವ್ ನ್ಯಾಶ್‌ನನ್ನು ನೋಡಿ ಗಾರ್ಡ್ ಆಟ ಕಲಿಯುವ ಬಗೆ

ನನಗೊಂದು ಕೆಟ್ಟ ಚಾಳಿ ಇತ್ತು. ಆಡುವಾಗ ಯಾರಾದರೂ ಅಡ್ಡ ಬಂದರೆ ಸಾಕು, ಎರಡೂ ಕೈಯಲ್ಲಿ ಚೆಂಡು ಹಿಡಿದು ನಿಂತುಬಿಡುತ್ತಿದ್ದೆ. ಬಾಸ್ಕೆಟ್‌ಬಾಲ್‌ನಲ್ಲಿ ಡ್ರಿಬಲ್, ಅಂದರೆ ಚೆಂಡು ಪುಟಿಸುವುದು, ನಿಲ್ಲಿಸಿ ಚೆಂಡು ಹಿಡಿದ ಮೇಲೆ ಮತ್ತೆ ಡ್ರಿಬಲ್ ಮಾಡುವ ಹಾಗಿಲ್ಲ. ಆಮೇಲೆ ಉಳಿಯುವುದು ಎರಡೇ ದಾರಿ, ಪಾಸ್ ಇಲ್ಲವೇ ಶಾಟ್. ಇದು ಎದುರಿನವನಿಗೂ ಗೊತ್ತಿರುತ್ತದೆ ಅಲ್ವಾ? ಅವನು ಮೈಮೇಲೇ ಬಂದು ನಿಲ್ಲುತ್ತಿದ್ದ. ನಾನು ಗಾಬರಿಯಲ್ಲಿ ಎತ್ತಲೋ ಎಸೆಯುತ್ತಿದ್ದೆ. ಚೆಂಡನ್ನು ನೇರವಾಗಿ ಎದುರಾಳಿಯ ಕೈಗೆ ತಲುಪಿಸುತ್ತಿದ್ದೆನಲ್ಲ, ಅದಕ್ಕೆ ನಮ್ಮ ತಂಡದವರು ನನಗೆ 'ಪಾರ್ಸೆಲ್' ಅಂತ ಹೆಸರಿಟ್ಟಿದ್ದರು.

ಆ ಹೆಸರು ಕಳೆದುಕೊಳ್ಳಲು ನನಗೆ ನೆರವಾದವನು ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆಡಿದ ಸ್ಟೀವ್ ನ್ಯಾಶ್. ಅವನ ಹಳೆಯ ಪಂದ್ಯಗಳನ್ನು ನೋಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಗಾರ್ಡ್ ಆಗಿ, ಅಂದರೆ ಚೆಂಡು ತಂದು ಆಟ ಕಟ್ಟುವವನಾಗಿ, ಆಡುವ, ಅಷ್ಟೇನೂ ಎತ್ತರವಿಲ್ಲದ, ಅಷ್ಟೇನೂ ವೇಗವೂ ಇಲ್ಲದ ನನ್ನಂಥವರಿಗೆ ಇದು ಉಪಯೋಗಕ್ಕೆ ಬಂದೀತು.

ನ್ಯಾಶ್‌ನೇ ಯಾಕೆ? ಅವನು ಹುಟ್ಟಿದ್ದು 1974ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಕೆನಡಾದ ವಿಕ್ಟೋರಿಯಾದಲ್ಲಿ. ಅಪ್ಪ ಫುಟ್‌ಬಾಲ್ ಆಟಗಾರ. ಎತ್ತರ 6 ಅಡಿ 3 ಇಂಚು, ಅಂದರೆ ಎನ್‌ಬಿಎ ಲೆಕ್ಕದಲ್ಲಿ ಗಿಡ್ಡ. ಅಮೆರಿಕದ ಕಾಲೇಜುಗಳಲ್ಲಿ ಅವನಿಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಸಾಂಟಾ ಕ್ಲಾರಾ ಒಂದೇ. 1996ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಫೀನಿಕ್ಸ್ ಸನ್ಸ್ ತಂಡ ಅವನನ್ನು 15ನೆಯವನಾಗಿ ಆರಿಸಿಕೊಂಡಾಗ ಸ್ವಂತ ಅಭಿಮಾನಿಗಳೇ 'ಬೂ' ಎಂದು ಕೂಗಿದರು. 1998ರಲ್ಲಿ ಡಲ್ಲಾಸ್ ತಂಡಕ್ಕೆ ಹೋದ. ಡರ್ಕ್ ನೊವಿಟ್ಸ್ಕಿ ಜೊತೆ ಆಡಿ ಬೆಳೆದ. 2004ರಲ್ಲಿ, 30ನೇ ವಯಸ್ಸಿಗೆ, ಮತ್ತೆ ಫೀನಿಕ್ಸ್‌ಗೆ ಬಂದ. ಹಿಂದಿನ ವರ್ಷ 29 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 62 ಗೆದ್ದಿತು. 2005 ಮತ್ತು 2006, ಎರಡೂ ವರ್ಷ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಅವನೇ. ಫೈನಲ್ ಮಾತ್ರ ಒಂದು ಸಲವೂ ಆಡಲಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಇರಲಿ.

ಮೊದಲು ನೋಡುವುದನ್ನು ಕಲಿಯಬೇಕು. ಹೈಲೈಟ್ಸ್ ನೋಡಬೇಡಿ. ಅದರಲ್ಲಿ ಕಾಣುವುದು ಕೊನೆಯ ಪಾಸ್ ಮಾತ್ರ. ನಮಗೆ ಬೇಕಾದದ್ದು ಆ ಪಾಸಿನ ಹಿಂದಿನ ಐದು ಸೆಕೆಂಡು. 2005ರಿಂದ 2010ರ ಒಳಗಿನ ಸನ್ಸ್ ತಂಡದ ಒಂದು ಪೂರ್ತಿ ಪಂದ್ಯ ತೆಗೆದುಕೊಳ್ಳಿ. ಮೊದಲ ಕ್ವಾರ್ಟರ್‌ನಲ್ಲಿ ಚೆಂಡನ್ನು ಮರೆತು ನ್ಯಾಶ್‌ನ ತಲೆಯನ್ನು ಮಾತ್ರ ನೋಡಿ. ಅದು ಕೆಳಗೆ ಬಗ್ಗುವುದೇ ಇಲ್ಲ. ಎರಡನೆಯದರಲ್ಲಿ ಅವನ ಕಾಲು ನೋಡಿ. ಸಣ್ಣ ಸಣ್ಣ ಹೆಜ್ಜೆ, ಒಮ್ಮೆ ಜೋರು, ಒಮ್ಮೆ ನಿಧಾನ. ಮೂರನೆಯದರಲ್ಲಿ ನ್ಯಾಶ್‌ನನ್ನೇ ಬಿಟ್ಟು, ಬಾಸ್ಕೆಟ್ ಕಾಯುವ ಎದುರಾಳಿ ದೈತ್ಯನನ್ನು ನೋಡಿ. ಅವನು ಯಾವಾಗ ಗೊಂದಲಕ್ಕೆ ಬೀಳುತ್ತಾನೆ ಅಂತ ಗಮನಿಸಿ. ಆ ಕ್ಷಣವನ್ನು ಹುಟ್ಟಿಸುವುದೇ ಗಾರ್ಡ್‌ನ ಕೆಲಸ ಅಂತ ನನಗೆ ತಲೆಗೆ ಹೋದದ್ದು ಹೀಗೆ ನೋಡಿದ ಮೇಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನ್ಯಾಶ್ ಒಳಗೆ ನುಗ್ಗುತ್ತಾನೆ. ರಿಮ್ (ಬಾಸ್ಕೆಟ್‌ನ ಬಳೆ) ಹತ್ತಿರ ಜಾಗ ಇರುವುದಿಲ್ಲ. ನಾವಾದರೆ ಅಲ್ಲೇ ಚೆಂಡು ಹಿಡಿಯುತ್ತೇವೆ. ಅವನು ಹಿಡಿಯುವುದಿಲ್ಲ. ಡ್ರಿಬಲ್ ಮಾಡುತ್ತಲೇ ಬೋರ್ಡಿನ ಕೆಳಗೆ ತೂರಿ, ಬೇಸ್‌ಲೈನ್ (ಅಂಗಳದ ಕೊನೆಯ ಗೆರೆ) ಪಕ್ಕದಲ್ಲೇ ಸಾಗಿ, ಆ ಕಡೆಯಿಂದ ಹೊರಗೆ ಬರುತ್ತಾನೆ. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ! ಅಷ್ಟು ಹೊತ್ತಿಗೆ ಐದೂ ಜನ ಡಿಫೆಂಡರ್‌ಗಳು ಅವನ ಕಡೆ ಕತ್ತು ತಿರುಗಿಸಿರುತ್ತಾರೆ. ಕತ್ತು ತಿರುಗಿಸಿದವನಿಗೆ ತನ್ನ ಹಿಂದೆ ಇರುವವನು ಎಲ್ಲಿ ಹೋದ ಅಂತ ಕಾಣುವುದಿಲ್ಲ. ಪಾಸ್ ಹೋಗುವುದು ಅಲ್ಲಿಗೆ.

ಇದನ್ನು ಅಭ್ಯಾಸ ಮಾಡುವುದು ಹೇಗೆ? ಬೋರ್ಡು ಬೇಸ್‌ಲೈನ್‌ನಿಂದ ಸುಮಾರು 1.2 ಮೀಟರ್ ಒಳಗೆ ಇರುತ್ತದೆ. ಆ ಓಣಿಯೇ ನಿಮ್ಮ ದಾರಿ. ಬಲಗಡೆಯಿಂದ ಹೊರಟು, ರಿಮ್ ಕೆಳಗೆ ಹಾದು, ಎಡಗಡೆ ಹೊರಬಂದು, ಮತ್ತೆ ಅಂಗಳದ ಒಳಕ್ಕೆ ತಿರುಗಿ. ಮೊದಲ ವಾರ ಸುಮ್ನೆ ನಡೆದುಕೊಂಡೇ ಮಾಡಿ. ಗೆರೆ ತುಳಿಯಬೇಡಿ, ತುಳಿದರೆ ಚೆಂಡು ಎದುರಾಳಿಗೆ. ಈ ಸುತ್ತಿನ ಉದ್ದಕ್ಕೂ ಡಿಫೆಂಡರ್‌ಗಳು ನಿಮ್ಮ ಎಡಕ್ಕೇ ಇರುತ್ತಾರೆ. ಹಾಗಾಗಿ ಚೆಂಡು ಬಲಗೈಯಲ್ಲೇ ಇದ್ದರೆ ಮಧ್ಯೆ ನಿಮ್ಮ ಮೈ ಗೋಡೆಯ ಹಾಗೆ ನಿಲ್ಲುತ್ತದೆ. ಎಡಗಡೆಯಿಂದ ಹೊರಟರೆ ಎಲ್ಲ ಉಲ್ಟಾ, ಎಡಗೈ ಬೇಕೇ ಬೇಕು. ನನ್ನ ಎಡಗೈ ಊಟಕ್ಕೆ ಬಂದ ನೆಂಟನ ಹಾಗೆ, ಇರುತ್ತದೆ, ಕೆಲಸ ಮಾಡುವುದಿಲ್ಲ. ಎರಡು ತಿಂಗಳು ಎಡಗಡೆಯಿಂದ ಮಾತ್ರ ಸುತ್ತು ಹಾಕಿದೆ. ಆಮೇಲೆ ಸ್ವಲ್ಪ ಮಾತು ಕೇಳಿತು.

ನ್ಯಾಶ್ ಕಾಲೇಜಿನಲ್ಲಿದ್ದಾಗ ಕ್ಯಾಂಪಸ್ ತುಂಬ ಟೆನಿಸ್ ಚೆಂಡು ಡ್ರಿಬಲ್ ಮಾಡುತ್ತಾ ಓಡಾಡುತ್ತಿದ್ದ. ನಾನೂ ಮಾಡಿ ನೋಡಿದೆ. ಟೆನಿಸ್ ಚೆಂಡು ಚಿಕ್ಕದು, ಅಂಗೈಯಿಂದ ಹೊಡೆದರೆ ಎತ್ತಲೋ ಹಾರುತ್ತದೆ. ಬೆರಳ ತುದಿಯಿಂದಲೇ ತಳ್ಳಬೇಕು. ಒಂದು ಗಂಟೆ ಅದರ ಜೊತೆ ಒದ್ದಾಡಿ ದೊಡ್ಡ ಚೆಂಡು ಹಿಡಿದರೆ ಕುಂಬಳಕಾಯಿ ಹಿಡಿದ ಹಾಗೆ ಅನಿಸುತ್ತದೆ.

ಮುಂದಿನದು ಪಿಕ್ ಅಂಡ್ ರೋಲ್. ನಿಮ್ಮ ತಂಡದ ದೊಡ್ಡ ಆಟಗಾರ ಬಂದು ನಿಮ್ಮ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ. ಇದೇ ಸ್ಕ್ರೀನ್. ನೀವು ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದ ಹಾದುಹೋಗುತ್ತೀರಿ. ಅವನು ತಿರುಗಿ ಬಾಸ್ಕೆಟ್ ಕಡೆ ಓಡುತ್ತಾನೆ. ನ್ಯಾಶ್ ಮತ್ತು ಅಮಾರೆ ಸ್ಟೌಡಮೈರ್ ಜೋಡಿ ಇದನ್ನು ಆಡಿದರೆ ತಡೆಯುವುದು ಯಾರಿಗೂ ಸುಲಭವಾಗಿರಲಿಲ್ಲ. ನಾವು ಮಾಡುವ ತಪ್ಪು ಏನೆಂದರೆ, ಸ್ಕ್ರೀನ್ ದಾಟಿದ ತಕ್ಷಣ ಜೋರಾಗಿ ಓಡುತ್ತೇವೆ. ನ್ಯಾಶ್ ಅಲ್ಲಿ ನಿಧಾನ ಮಾಡುತ್ತಾನೆ. ಹಿಂದೆ ಬರುವ ಡಿಫೆಂಡರ್ ತನ್ನ ಬೆನ್ನಿಗೆ ಅಂಟುವವರೆಗೂ ಕಾಯುತ್ತಾನೆ. ಅವನು ಬೆನ್ನ ಹಿಂದೆ ಸಿಕ್ಕಿಬಿದ್ದ ಮೇಲೆ ಮುಂದೆ ಒಬ್ಬನೇ ದೈತ್ಯ, ಈ ಕಡೆ ಇಬ್ಬರು. ದೈತ್ಯನ ಪಾದ ನೋಡಿ. ಪಾದ ನಿಮ್ಮ ಕಡೆ ಬಂತೋ, ಅವನ ಪಕ್ಕದಿಂದ ಒಂದು ಬೌನ್ಸ್ ಪಾಸ್ (ನೆಲಕ್ಕೆ ಪುಟಿಸಿ ಕೊಡುವ ಪಾಸ್). ಪಾದ ಹಿಂದಕ್ಕೆ ಹೋಯಿತೋ, ಅಲ್ಲೇ ಶಾಟ್. ಕಣ್ಣು ನೋಡಬೇಡಿ, ಕಣ್ಣು ಸುಳ್ಳು ಹೇಳುತ್ತದೆ.

ಪಾಸ್ ಕೊಡುವಾಗಲೂ ಅವನು ಎರಡು ಕೈಗೆ ಚೆಂಡು ತಂದುಕೊಳ್ಳುವುದು ಕಡಿಮೆ. ಪುಟಿದು ಬಂದ ಚೆಂಡನ್ನು ಅದೇ ಕೈಯಿಂದ ತಳ್ಳಿಬಿಡುತ್ತಾನೆ. ಡಿಫೆಂಡರ್ ಎಚ್ಚರವಾಗುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಇದಕ್ಕೆ ಒಂದು ಗೋಡೆ ಸಾಕು. ಮೂರು ಡ್ರಿಬಲ್, ನಾಲ್ಕನೆಯದಕ್ಕೆ ಒಂದೇ ಕೈಯಲ್ಲಿ ಗೋಡೆಗೆ. ಬಲಗೈಗೆ 20, ಎಡಗೈಗೆ 40. ಬೀದಿ ಬದಿಯ ಗೋಡೆ ಬೇಡ, ಬೈಸಿಕೊಳ್ಳುತ್ತೀರಿ.

ಲೇ-ಅಪ್, ಅಂದರೆ ಓಡಿ ಬಂದು ಹತ್ತಿರದಿಂದ ಜಿಗಿದು ಹಾಕುವ ಶಾಟ್, ಬಗ್ಗೆ ಒಂದು ಮಾತು. ಬಲಗೈಯವರು ಎಡಗಾಲಿನಿಂದ ಜಿಗಿಯಬೇಕು ಅಂತ ಎಲ್ಲರಿಗೂ ಹೇಳಿಕೊಡುತ್ತಾರೆ. ನ್ಯಾಶ್ ಎಷ್ಟೋ ಸಲ 'ತಪ್ಪು' ಕಾಲಿನಿಂದ, ಒಂದು ಹೆಜ್ಜೆ ಮೊದಲೇ ಚೆಂಡು ಬಿಟ್ಟುಬಿಡುತ್ತಾನೆ. ಬ್ಲಾಕ್ ಮಾಡುವವನ ಲೆಕ್ಕ ತಪ್ಪುತ್ತದೆ. ನಾನು ಮಾಡಿದ ಮೊದಲ ಹತ್ತು ಸಲವೂ ಚೆಂಡು ಬೋರ್ಡಿನ ತಳಕ್ಕೆ ಬಡಿಯಿತು. ಇದು ಆಮೇಲೆ ಕಲಿಯುವ ವಿದ್ಯೆ, ಅವಸರ ಬೇಡ.

ಶಾಟ್ ವಿಷಯದಲ್ಲಿ ಅವನ ಅಂಕಿಗಳೇ ಮಾತಾಡುತ್ತವೆ. ಒಂದು ಸೀಸನ್‌ನಲ್ಲಿ ಒಟ್ಟು ಶಾಟ್‌ಗಳಲ್ಲಿ ಶೇಕಡಾ 50, ಮೂರು ಪಾಯಿಂಟ್ ಶಾಟ್‌ನಲ್ಲಿ 40, ಫ್ರೀ ಥ್ರೋದಲ್ಲಿ (ಫೌಲ್ ಆದಾಗ ಯಾರೂ ತಡೆಯದೆ ಹೊಡೆಯುವ ಶಾಟ್) 90 ದಾಟುವುದು ಗಾರ್ಡ್‌ಗಳ ಕನಸು. ನ್ಯಾಶ್ ಅದನ್ನು ನಾಲ್ಕು ಸಲ ಮಾಡಿದ. 2006-07ರಲ್ಲೂ ಆಗುತ್ತಿತ್ತು, ಫ್ರೀ ಥ್ರೋ 89.9ಕ್ಕೆ ನಿಂತಿತು! ಅವನ ಫ್ರೀ ಥ್ರೋ ಅಭ್ಯಾಸ ಯಾರು ಬೇಕಾದರೂ ಕದಿಯಬಹುದು. ರೆಫ್ರಿ ಚೆಂಡು ಕೊಡುವ ಮೊದಲೇ ಬರಿಗೈಯಲ್ಲಿ ಶಾಟ್ ಹೊಡೆದ ಹಾಗೆ ಕೈ ಆಡಿಸುತ್ತಾನೆ. ಮಣಿಕಟ್ಟು ಹೇಗೆ ಬಾಗಬೇಕು ಅಂತ ಕೈಗೆ ಮೊದಲೇ ನೆನಪು ಮಾಡಿಕೊಟ್ಟ ಹಾಗೆ. ಜನ ನಕ್ಕರೆ ನಗಲಿ, ನೀವು ಮಾಡಿ.

ಅವನಿಂದ ಕಲಿಯಬಾರದ್ದು ಡಿಫೆನ್ಸ್. ಅದರಲ್ಲಿ ಅವನು ಯಾವತ್ತೂ ಗಟ್ಟಿಗನಾಗಿರಲಿಲ್ಲ. ಅದಕ್ಕೆ ಬೇರೆ ಗುರು ಹುಡುಕಿ.

ಮೈ ನೋಡಿಕೊಳ್ಳುವುದನ್ನು ಮಾತ್ರ ಖಂಡಿತ ಕಲಿಯಿರಿ. ಅವನಿಗೆ ಬೆನ್ನುಮೂಳೆಯ ತೊಂದರೆ ಇತ್ತು. ಬದಲಿ ಆಟಗಾರ ಒಳಗೆ ಹೋದಾಗ ಬೆಂಚಿನ ಮೇಲೆ ಕೂರುತ್ತಿರಲಿಲ್ಲ, ಅಂಗಳದ ಪಕ್ಕ ನೆಲದ ಮೇಲೆ ಅಂಗಾತ ಮಲಗುತ್ತಿದ್ದ. ಕೋಟ್ಯಧಿಪತಿ, ಎಂವಿಪಿ, ಸಾವಿರಾರು ಜನರ ಮುಂದೆ ನೆಲದ ಮೇಲೆ! ಹಾಗೆ ನೋಡಿಕೊಂಡದ್ದಕ್ಕೇ 2011ರಲ್ಲಿ, 37 ತುಂಬಿದ ಮೇಲೂ, ಲೀಗ್‌ನಲ್ಲಿ ಅಸಿಸ್ಟ್‌ಗೆ (ಜೊತೆಯವನು ಬಾಸ್ಕೆಟ್ ಹಾಕುವಂತೆ ಮಾಡಿದ ಪಾಸ್) ಮೊದಲಿಗನಾದ ಅಂತ ನನ್ನ ನಂಬಿಕೆ. 2015ರಲ್ಲಿ ನಿವೃತ್ತನಾಗುವಾಗ ಅವನ ಅಸಿಸ್ಟ್ ಲೆಕ್ಕ 10,335.

ಕೊನೆಗೆ ನಿಮ್ಮ ಜೊತೆಯವರಿಗೂ ಒಂದು ಮಾತು ಹೇಳಿಡಿ. ಗಾರ್ಡ್ ಸುತ್ತು ಹಾಕುವಾಗ ನಿಂತು ನೋಡಬಾರದು, ಕೈ ಎತ್ತಿಕೊಂಡು ಓಡುತ್ತಿರಬೇಕು. ನಾನು ಇದನ್ನು ಹೇಳಿರಲಿಲ್ಲ. ಪಂದ್ಯದಲ್ಲಿ ಮೊದಲ ಸಲ ಬೋರ್ಡಿನ ಕೆಳಗೆ ತೂರಿ ಆ ಕಡೆ ಹೊರಬಂದಾಗ ನಮ್ಮ ಸೆಂಟರ್, ಅಂದರೆ ತಂಡದ ದೊಡ್ಡ ಆಟಗಾರ, ಬಾಸ್ಕೆಟ್ ಎದುರು ಒಬ್ಬನೇ ನಿಂತಿದ್ದ. ಎಡಗೈಯಲ್ಲಿ, ಹೌದು ಎಡಗೈಯಲ್ಲೇ, ಪಾಸ್ ಕೊಟ್ಟೆ. ಅವನು ನನ್ನ ಪ್ರದಕ್ಷಿಣೆ ನೋಡುತ್ತಾ ಮೈ ಮರೆತಿದ್ದ. ಚೆಂಡು ಅವನ ಎದೆಗೆ ಬಡಿದು ಹೊರಗೆ ಹೋಯಿತು. ಪಾರ್ಸೆಲ್ ಈ ಸಲ ಸರಿಯಾದ ವಿಳಾಸಕ್ಕೇ ಹೋಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ ಅಷ್ಟೆ.